ಬಗ್ಗಿದಾಗ, ಕೈ ಎತ್ತಿದಾಗ: ಪಾರ್ಲರ್ ಕೆಲಸಕ್ಕೆ ಎಂಥಾ ಬಟ್ಟೆ?

ಪ್ರಶ್ನೆ: ಅಕ್ಕಾ, ನಮಸ್ಕಾರ. ಬ್ಯೂಟಿಷಿಯನ್ ಕೋರ್ಸ್ ಮುಗಿಸಿ ಹೋದ ವರ್ಷದಿಂದ ಇಲ್ಲೇ ಒಂದು ಪಾರ್ಲರ್‌ನಲ್ಲಿ ಇದ್ದೇನೆ. ಫೇಶಿಯಲ್, ಬ್ಲೀಚ್, ವ್ಯಾಕ್ಸಿಂಗ್, ಐಬ್ರೋ ಎಲ್ಲಾ ಮಾಡುತ್ತೇನೆ. ನಮ್ಮ ಮೇಡಂ ‘ಪ್ರೊಫೆಷನಲ್ ಆಗಿ ಬಾ’ ಅಂತಾರೆ, ಯಾವ ಬಟ್ಟೆ ಅಂತ ಹೇಳುವುದಿಲ್ಲ. ಚೂಡಿದಾರ್ ಹಾಕಿದರೆ ವೇಲ್ ಅಡ್ಡ ಬರುತ್ತದೆ. ಜೀನ್ಸ್, ಟೀ ಶರ್ಟ್ ಹಾಕಿದರೆ ಬಗ್ಗಿದಾಗ ಬೆನ್ನು ಕಾಣುತ್ತದೆ. ಸಂಜೆ ಹೊತ್ತಿಗೆ ಬೆವರಿ ಸಾಕಾಗಿರುತ್ತದೆ. ಈಚೆಗೆ ಮದುವೆಯಾಯಿತು. ಅತ್ತೆಗೆ ನಾನು ಪ್ಯಾಂಟ್ ಹಾಕುವುದು ಅಷ್ಟು ಇಷ್ಟವಿಲ್ಲ. ಬಟ್ಟೆಗೆ ಅಂತ ಸ್ವಲ್ಪ ದುಡ್ಡು ಎತ್ತಿಟ್ಟಿದ್ದೇನೆ. ಏನು ಹೊಲಿಸಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ತಂಗೀ, ಹೊಲಿಸುವ ಮೊದಲು ಒಂದು ಕೆಲಸ ಮಾಡಿ. ಕಸ್ಟಮರ್ ಇಲ್ಲದ ಹೊತ್ತು ನೋಡಿ ನಿಮ್ಮ ಫೇಶಿಯಲ್ ಬೆಡ್ ಮೇಲೆ ನೀವೇ ಮಲಗಿ. ಜೊತೆಗಿರುವ ಹುಡುಗಿಗೆ ತಲೆ ಹತ್ತಿರ ನಿಂತು ಮಸಾಜ್ ಮಾಡಿದ ಹಾಗೆ ಬಗ್ಗಲು ಹೇಳಿ. ಆಗ ಕಾಣುವುದೇ ಬೇರೆ. ಅವಳ ಕುರ್ತಾದ ಡಿಸೈನ್ ಕಾಣುವುದಿಲ್ಲ. ಕೊರಳಿನ ಅಂಚು ಜೋತುಬಿದ್ದು ಒಳಗಿನದೆಲ್ಲ ಕಾಣುತ್ತದೆ. ತೋಳಿನ ಒಳಭಾಗ, ಬಗಲಿನ ಬೆವರಿನ ಕಲೆ, ಮುಖದ ಮೇಲೆ ತೂಗಾಡುವ ಸರ, ಇವೇ ಕಣ್ಣೆದುರು. ನಮ್ಮ ಕಸ್ಟಮರ್ ಮುಕ್ಕಾಲು ಗಂಟೆ ನೋಡುವುದು ಇದನ್ನೇ. ಕಣ್ಣಿನ ಮೇಲೆ ಹತ್ತಿ ಇಟ್ಟಮೇಲೆ ನೋಡುವುದು ನಿಲ್ಲುತ್ತದೆ, ವಾಸನೆ ಮಾತ್ರ ಜಾಸ್ತಿ ಗೊತ್ತಾಗುತ್ತದೆ. ಮೈಸೂರಿನಲ್ಲಿ ನನ್ನ ಹತ್ತಿರ ಕಲಿಯಲು ಬರುವ ಹುಡುಗಿಯರಿಗೆಲ್ಲ ಕೈಗೆ ಕ್ರೀಮ್ ಕೊಡುವ ಮೊದಲು ಹೀಗೆ ಒಮ್ಮೆ ಮಲಗಿಸುತ್ತೇನೆ.

ಆದ್ದರಿಂದ ಒಂದು ಟಾಪ್, ಅದಕ್ಕೊಂದು ಪ್ಯಾಂಟ್ ಹೊಲಿಸಿ. ಟಾಪ್‌ನ ಕೊರಳು ಮುಚ್ಚಿರಲಿ. ಸಣ್ಣ ರೌಂಡ್ ನೆಕ್ ಅಥವಾ ಚೈನೀಸ್ ಕಾಲರ್ ಆಗುತ್ತದೆ. ಬಟನ್ ಮುಂದೆ ನಡುವಿಗೆ ಬೇಡ, ಒಂದು ಪಕ್ಕಕ್ಕೆ ಬರಲಿ. ನಡುವೆ ಇದ್ದರೆ ಬಗ್ಗಿದಾಗ ಎರಡು ಬಟನ್‌ಗಳ ಮಧ್ಯೆ ಬಾಯಿ ಬಿಡುತ್ತದೆ. ತಾಳಿ ಬಿಚ್ಚಿಡಿ ಎಂದು ನಾನು ಹೇಳುವುದಿಲ್ಲ. ಆದರೆ ಉದ್ದ ಸರ ಪ್ಯಾಕ್ ಹಾಕಿದ ಮುಖಕ್ಕೆ ತಾಗಬಾರದು, ಅದಕ್ಕೂ ಈ ಮುಚ್ಚಿದ ಕೊರಳೇ ಬೇಕು. ಒಳಗೆ ಹಾಕಿಕೊಂಡು ಒಂದು ಸೇಫ್ಟಿ ಪಿನ್ ಚುಚ್ಚಿಬಿಡಿ, ಸಂಜೆವರೆಗೆ ಅಲುಗುವುದಿಲ್ಲ.

ಉಂಗುರ, ಬಳೆ, ವಾಚ್ ವಿಷಯದಲ್ಲಿ ಮಾತ್ರ ನಾನು ತುಂಬಾ ಸ್ಟ್ರಿಕ್ಟ್. ಉಂಗುರದ ಕೆಳಗೆ ಕ್ರೀಮ್, ಸ್ಕ್ರಬ್ ಎಲ್ಲಾ ಸೇರಿಕೊಂಡು ಕೂತಿರುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ. ಕಲ್ಲಿನ ಉಂಗುರವಾದರೆ ಕೆನ್ನೆ ಗೀರುತ್ತದೆ. ಮುಖಕ್ಕೆ ಸಣ್ಣ ಕರೆಂಟ್ ಹಾಯಿಸುವ ಹೈ ಫ್ರೀಕ್ವೆನ್ಸಿ ಮೆಷಿನ್ ಹಿಡಿದಾಗ ಕೈಯಲ್ಲಿ ಲೋಹ ಇರಬಾರದು ಅಂತ ನಿಮಗೂ ಕೋರ್ಸ್‌ನಲ್ಲಿ ಹೇಳಿರುತ್ತಾರೆ. ಹೊಸ ಮದುಮಗಳಿಗೆ ಬರಿಗೈ ಎಂದರೆ ಮನೆಯಲ್ಲಿ ಬೇಜಾರಾಗಬಹುದು. ಬಳೆ ಹಾಕಿಕೊಂಡೇ ಮನೆಯಿಂದ ಹೊರಡಿ, ಪಾರ್ಲರ್‌ನಲ್ಲಿ ಒಂದು ಡಬ್ಬಿಯಲ್ಲಿ ತೆಗೆದಿಡಿ, ಹೊರಡುವಾಗ ಮತ್ತೆ ಹಾಕಿಕೊಳ್ಳಿ. ಮಲ್ಲಿಗೆ ಹೂವೂ ಅಷ್ಟೇ. ಬಗ್ಗಿದಾಗ ಎಸಳು ಉದುರುತ್ತದೆ, ಕೆಲವರಿಗೆ ಹತ್ತಿರದಿಂದ ಆ ಘಮ ತಲೆನೋವು ತರುತ್ತದೆ.

ತೋಳು ಮೊಣಕೈಗಿಂತ ಮೇಲೆ ನಿಲ್ಲಬೇಕು. ಕುತ್ತಿಗೆ, ಭುಜದ ಮಸಾಜ್ ಮಾಡುವಾಗ ಕ್ರೀಮ್ ಮುಂಗೈ ದಾಟಿ ಮೇಲೆ ಬರುತ್ತದೆ ಅಲ್ವಾ? ಪ್ರತಿ ಕಸ್ಟಮರ್ ಆದಮೇಲೆ ಮೊಣಕೈವರೆಗೆ ಸೋಪು ಹಾಕಿ ತೊಳೆಯಬೇಕು. ಫುಲ್ ತೋಳು ಮಡಚಿಕೊಂಡರೆ ಆ ಮಡಿಕೆ ಒದ್ದೆಯಾಗಿ, ಒಬ್ಬರ ಮುಖದ್ದು ಇನ್ನೊಬ್ಬರ ಮುಖಕ್ಕೆ ಹೋಗುತ್ತದೆ. ತೋಳೇ ಇಲ್ಲದ್ದೂ ಬೇಡ. ಬಗಲು ಕಸ್ಟಮರ್ ಮೂಗಿನ ಹತ್ತಿರವೇ ಬರುತ್ತದೆ.

ಟೈಲರ್ ಹತ್ತಿರ ಹೋದಾಗ ಅಳತೆ ಕೊಟ್ಟು ಬಂದುಬಿಡಬೇಡಿ. ಬಗಲಲ್ಲಿ ಸಡಿಲ ಬಿಡಲು ಹೇಳಿ. ತೋಳು ಸೇರುವ ಕಡೆ ಒಂದು ಚೌಕದ ತುಂಡು ಇಟ್ಟು ಹೊಲಿದರೆ ಇನ್ನೂ ಒಳ್ಳೆಯದು. ಟ್ರಯಲ್‌ಗೆ ಹೋದಾಗ ಕನ್ನಡಿ ಮುಂದೆ ಸುಮ್ನೆ ನಿಲ್ಲಬೇಡಿ. ಎರಡೂ ಕೈ ಮುಂದೆ ಚಾಚಿ, ಸೊಂಟದಿಂದ ಬಗ್ಗಿ, ಐಬ್ರೋ ಮಾಡುವ ಹಾಗೆ ಹತ್ತು ಸಲ ಕೈ ಆಡಿಸಿ. ಬೆನ್ನಿನ ಮೇಲೆ ಬಟ್ಟೆ ಬಿಗಿದರೆ, ಕೆಳಗಿನ ಅಂಚು ಸೊಂಟಕ್ಕೆ ಏರಿದರೆ, ಅಲ್ಲೇ ಬಿಚ್ಚಿ ಸರಿಮಾಡಿಸಿ. ಉದ್ದ ತೊಡೆಯ ಅರ್ಧದವರೆಗೆ ಬರಲಿ, ಎರಡೂ ಪಕ್ಕ ಸ್ಲಿಟ್ ಇರಲಿ, ಕೆಳಗೆ ಎರಡು ಜೇಬು. ಅತ್ತೆಯವರ ಮಾತಿಗೂ ಇದರಲ್ಲೇ ದಾರಿ ಇದೆ. ಮೊಣಕಾಲು ಮುಟ್ಟುವಷ್ಟು ಉದ್ದ ಬಿಡಿಸಿ, ಅದೇ ಬಟ್ಟೆಯ ಪ್ಯಾಂಟ್ ಹೊಲಿಸಿದರೆ ನೋಡುವವರಿಗೆ ಕುರ್ತಾ ಸೆಟ್ ತರಹವೇ ಕಾಣುತ್ತದೆ. ಅದಕ್ಕಿಂತ ಉದ್ದ ಮಾತ್ರ ಬೇಡ.

ಪ್ಯಾಂಟ್ ನೇರವಾಗಿರಲಿ, ಸೊಂಟದ ಹಿಂಭಾಗಕ್ಕೆ ಎಲಾಸ್ಟಿಕ್, ಕೆಳಗೆ ಹರಡು ಕಾಣುವಷ್ಟು ಗಿಡ್ಡ. ಪಲಾಜೋ ಹಾಕಿದವರು ನಮ್ಮ ಚಕ್ರದ ಸ್ಟೂಲ್ ಮೇಲೆ ಕೂತು ಹಿಂದೆ ಸರಿದರೆ ಅಂಚು ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಕೈಯಲ್ಲಿ ಬಿಸಿ ವ್ಯಾಕ್ಸ್ ಇರುವಾಗ ಹಾಗಾದರೆ ಏನಾಗಬಹುದು ಯೋಚಿಸಿ. ಲೆಗಿಂಗ್ಸ್ ಬಗ್ಗಿದಾಗ ಪಾರದರ್ಶಕವಾಗುತ್ತದೆ, ನನಗೆ ಅದು ಕೆಲಸದ ಬಟ್ಟೆ ಅನ್ನಿಸುವುದಿಲ್ಲ.

ಇನ್ನು ಬಟ್ಟೆ. ನಿಮ್ಮೂರಿನ ಏಪ್ರಿಲ್ ಬಿಸಿಲಿಗೆ ಎಲ್ಲರೂ ಕಾಟನ್ ಅಂತಾರೆ. ಬರೀ ಕಾಟನ್ ಬೆವರು ಹೀರುತ್ತದೆ ನಿಜ, ಆದರೆ ಮಧ್ಯಾಹ್ನದ ಹೊತ್ತಿಗೆ ಮುದ್ದೆಯಾಗಿರುತ್ತದೆ. ಬರೀ ಪಾಲಿಯೆಸ್ಟರ್ ಸುಕ್ಕಾಗುವುದಿಲ್ಲ, ಆದರೆ ಸೆಕೆ. ಅದಕ್ಕೆ ಎಣ್ಣೆ ವಾಸನೆ ಹಿಡಿದರೆ ಒಗೆದರೂ ಬಿಡುವುದಿಲ್ಲ. ಆಸ್ಪತ್ರೆಯ ಸ್ಕ್ರಬ್ ಸೂಟ್‌ಗಳಿಗೆ ಹೆಚ್ಚಾಗಿ ಬಳಸುವುದು ಎರಡೂ ಬೆರೆತದ್ದು, 65 ಪಾಲು ಪಾಲಿಯೆಸ್ಟರ್, 35 ಪಾಲು ಕಾಟನ್. ಸೆಕೆಯ ಊರಿಗೆ ಕಾಟನ್ ಜಾಸ್ತಿ ಇರುವ ಮಿಕ್ಸ್ ಕೇಳಿ ನೋಡಿ. ಅಂಗಡಿಯಲ್ಲಿ ಒಂದು ಮೂಲೆಯನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದು ಬಿಡಿ, ಸುಕ್ಕು ತಾನೇ ಬಿಚ್ಚಿಕೊಂಡರೆ ತೆಗೆದುಕೊಳ್ಳಿ. ಬೆಳಕಿಗೆ ಹಿಡಿದಾಗ ಆಚೆ ಕಡೆಯ ಬೆರಳು ಕಾಣಬಾರದು.

ಬಣ್ಣದ ವಿಷಯಕ್ಕೆ ಬಂದರೆ, ಎಲ್ಲ ಪಾರ್ಲರ್‌ಗಳೂ ಕಪ್ಪಿಗೇ ಹೋಗುತ್ತವೆ. ಕಪ್ಪು ಕಲೆ ಮುಚ್ಚುತ್ತದೆ ಎಂಬ ನಂಬಿಕೆ. ವ್ಯಾಕ್ಸ್ ಕಲೆಗೆ ಅದು ಸರಿ. ಆದರೆ ಬ್ಲೀಚ್‌ನಲ್ಲಿರುವುದು ಹೈಡ್ರೋಜನ್ ಪೆರಾಕ್ಸೈಡ್, ಅದು ಬಟ್ಟೆಯ ಬಣ್ಣವನ್ನೇ ತಿನ್ನುತ್ತದೆ. ಕಪ್ಪು ಬಟ್ಟೆ ಮೇಲೆ ಒಂದು ಹನಿ ಬಿದ್ದರೆ ಕೆಂಪು ಕಂದು ಚುಕ್ಕೆ, ದೂರದಿಂದಲೂ ಕಾಣುತ್ತದೆ. ಬಿಳಿಗೆ ಆ ಭಯವಿಲ್ಲ, ಆದರೆ ಉಳಿದ ಎಲ್ಲಾ ಕಲೆಯೂ ಬಿಳಿಗೇ. ನನ್ನ ಆಯ್ಕೆ ತಿಳಿ ಬೂದು, ಅಥವಾ ಬೂದು ಬೆರೆತ ನೀಲಿ. ವ್ಯಾಕ್ಸಿಂಗ್‌ಗೆ ಮೇಲೊಂದು ಗಾಢ ಬಣ್ಣದ ಏಪ್ರನ್ ಕಟ್ಟಿಕೊಳ್ಳಿ, ಕೆಲಸ ಮುಗಿದ ತಕ್ಷಣ ಬಿಚ್ಚಿ. ಡಾಕ್ಟರ್‌ಗಳ ಉದ್ದ ಬಿಳಿ ಕೋಟ್ ಹಾಕಬೇಡಿ. ನಿಮ್ಮ ಕೆಲಸಕ್ಕೆ ಅದರದೇ ಗೌರವವಿದೆ. ಕೋಟ್ ನೋಡಿದವರು ಮೊಡವೆಗೆ ಮಾತ್ರೆ ಕೇಳುತ್ತಾರೆ, ಭಂಗು ನೋಡಿ ಇದು ಯಾವ ಕಾಯಿಲೆ ಅಂತಾರೆ. ಅದಕ್ಕೆ ಉತ್ತರ ಹೇಳಬೇಕಾದವರು ಚರ್ಮದ ವೈದ್ಯರು.

ಎತ್ತಿಟ್ಟ ದುಡ್ಡಿನಲ್ಲಿ ಮೊದಲ ಪಾಲು ಚಪ್ಪಲಿಗೆ. ಮುಂದೆ ಮುಚ್ಚಿದ, ಜಾರದ ಅಡಿಯ, ಒರೆಸಿ ಒಣಗಿಸಬಹುದಾದ ಶೂ. ಬಿಸಿ ವ್ಯಾಕ್ಸ್ ಕಾಲ್ಬೆರಳ ಮೇಲೆ ಬೀಳುವುದು, ಪೆಡಿಕ್ಯೂರ್ ನೀರಿನಲ್ಲಿ ಜಾರುವುದು, ಎರಡೂ ನಮ್ಮಲ್ಲಿ ಹೊಸದೇನಲ್ಲ. ಸಂಜೆ ಹೋಗಿ ಕೊಳ್ಳಿ. ದಿನವಿಡೀ ನಿಂತ ಪಾದ ಆಗ ಸ್ವಲ್ಪ ಊದಿರುತ್ತದೆ, ಬೆಳಗ್ಗೆ ಸರಿ ಕೂತ ಶೂ ಸಂಜೆ ಕಚ್ಚುತ್ತದೆ. ಉಳಿದದ್ದರಲ್ಲಿ ಒಂದೇ ಬಣ್ಣದ ಎರಡು ಜೊತೆ ಹೊಲಿಸಿ, ಒಂದು ಒಗೆದರೆ ಇನ್ನೊಂದು. ಮೂರನೆಯದು ಮುಂದಿನ ಹಬ್ಬಕ್ಕಾಗಲಿ. ಈ ಕೆಲಸದ ಬಟ್ಟೆ ಹಾಕಿಕೊಂಡು ಬಸ್ ಹತ್ತಬೇಡಿ, ಪಾರ್ಲರ್‌ಗೆ ಬಂದು ಬದಲಾಯಿಸಿ. ‘ಬಟ್ಟೆ ಬದಲಾಯಿಸಲು ಒಂದು ಮೂಲೆ, ಒಂದು ಹ್ಯಾಂಗರ್ ಕೊಡಿ’ ಅಂತ ಮೇಡಂ ಹತ್ತಿರ ಕೇಳಲು ಸಂಕೋಚ ಬೇಡ. ಪ್ರೊಫೆಷನಲ್ ಆಗಿ ಬಾ ಎಂದವರು ಅಷ್ಟು ಮಾಡಿಕೊಡಬೇಕು.

ಪ್ರಶ್ನೆ: ನಾನು ಆ್ಯಪ್ ಮೂಲಕ ಮನೆಮನೆಗೆ ಹೋಗಿ ಸರ್ವಿಸ್ ಕೊಡುತ್ತೇನೆ. ಎಲ್ಲರ ಮನೆಯಲ್ಲೂ ಚಪ್ಪಲಿ ಹೊರಗೆ ಬಿಡಬೇಕು. ಬರಿಗಾಲಲ್ಲಿ ಟೈಲ್ಸ್ ಮೇಲೆ ನಿಂತು ಹಿಮ್ಮಡಿ ನೋವು. ಸ್ಕೂಟರ್ ಧೂಳು ಬೇರೆ. ಏನು ಮಾಡಲಿ?
– ಓದುಗರು, ಬೆಂಗಳೂರು

ಉತ್ತರ: ಬರಿಗಾಲು ಬೇಡವೇ ಬೇಡ. ರಬ್ಬರ್ ಅಡಿಯ ಮೃದುವಾದ ಮುಚ್ಚಿದ ಸ್ಲಿಪ್ಪರ್ ಒಂದು ಜೊತೆ ಬ್ಯಾಗಿನಲ್ಲೇ ಇರಲಿ, ರಸ್ತೆಗೆ ಅದನ್ನು ಇಳಿಸಲೇಬಾರದು. ಬಾಗಿಲಲ್ಲೇ ತೆಗೆದು, ಅವರ ಕಣ್ಣೆದುರೇ ಅಡಿ ತೋರಿಸಿ, ‘ಇದು ಮನೆಯೊಳಗೆ ಮಾತ್ರ ಹಾಕುವುದು ಮೇಡಂ, ಹಾಕಿಕೊಳ್ಳಲಾ?’ ಅಂತ ಕೇಳಿ. ಹೀಗೆ ಕೇಳಿದರೆ ಬೇಡ ಅನ್ನುವವರು ಕಡಿಮೆ. ದೇವರ ಮನೆ ಪಕ್ಕದಲ್ಲೇ ಕೆಲಸ ಎಂದಾದರೆ ಬೇರೆ ರೂಮ್ ಕೇಳಿ. ಅದೂ ಆಗದಿದ್ದರೆ ದಪ್ಪ ಸಾಕ್ಸ್, ಅಡಿಗೆ ರಬ್ಬರ್ ಚುಕ್ಕೆ ಇರುವಂಥದ್ದು.

ಧೂಳಿಗೆ, ಗಾಡಿ ಮೇಲೆ ಹಳೆಯ ಕಾಟನ್ ಜಾಕೆಟ್ ಹಾಕಿ ಹೊರಗೇ ಬಿಚ್ಚಿ. ಒಳಗೆ ಹೋದಮೇಲೆ ಮುಂದೆ ಬಟನ್ ಇರುವ ಅರ್ಧ ತೋಳಿನ ಕೋಟ್ ತರಹದ ಏಪ್ರನ್ ತೊಟ್ಟುಕೊಳ್ಳಿ. ದಿನಕ್ಕೆ ಎಷ್ಟು ಮನೆಯೋ ಅಷ್ಟು ಏಪ್ರನ್ ಬ್ಯಾಗಿನಲ್ಲಿರಲಿ, ಬಳಸಿದ್ದಕ್ಕೆ ಬೇರೆ ಚೀಲ. ತಲೆಯ ಮೇಲಿಂದ ತೆಗೆಯುವ ಬಟ್ಟೆ ಪರರ ಮನೆಯಲ್ಲಿ ಬದಲಾಯಿಸುವುದು ಕಷ್ಟ, ಅದಕ್ಕೇ ಮುಂದೆ ಬಟನ್.

ಪ್ರಶ್ನೆ: ಯೂನಿಫಾರ್ಮ್ ಮೇಲೆ ಬಿದ್ದ ವ್ಯಾಕ್ಸ್ ಮತ್ತು ಬ್ಲೀಚ್ ಕಲೆ ಹೋಗಿಸುವುದು ಹೇಗೆ?
– ಓದುಗರು, ಶಿರಸಿ

ಉತ್ತರ: ಸಕ್ಕರೆ, ನಿಂಬೆರಸ ಕಾಯಿಸಿ ಮಾಡಿದ ವ್ಯಾಕ್ಸ್ ಆದರೆ ಬಿಸಿ ನೀರಲ್ಲಿ ನೆನೆಸಿದರೆ ಕರಗಿ ಹೋಗುತ್ತದೆ. ಡಬ್ಬಿಯಲ್ಲಿ ಬರುವ ಅಂಟು ವ್ಯಾಕ್ಸ್ ನೀರಿಗೆ ಬಗ್ಗುವುದಿಲ್ಲ. ಬಿದ್ದ ತಕ್ಷಣ ಉಜ್ಜಬೇಡಿ, ಒಳಗಿಳಿಯುತ್ತದೆ. ಐಸ್ ಇಟ್ಟು ಗಟ್ಟಿ ಮಾಡಿ, ಚಮಚದ ಅಂಚಿನಿಂದ ಕೆರೆಯಿರಿ. ಉಳಿದದ್ದಕ್ಕೆ ಮೇಲೆ ಕೆಳಗೆ ಟಿಶ್ಯೂ ಪೇಪರ್ ಇಟ್ಟು ಹದವಾದ ಬಿಸಿಯಲ್ಲಿ ಇಸ್ತ್ರಿ ಒತ್ತಿ, ಪೇಪರ್ ಬದಲಾಯಿಸುತ್ತಾ ಹೋಗಿ. ಜಿಗುಟು ಇನ್ನೂ ಇದ್ದರೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ತಿಕ್ಕಿ, ಆ ಎಣ್ಣೆಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಒಗೆಯಿರಿ. ಬ್ಲೀಚ್ ಚುಕ್ಕೆ ಮಾತ್ರ ಹೋಗುವುದಿಲ್ಲ, ಅಲ್ಲಿ ಬಣ್ಣವೇ ಇರುವುದಿಲ್ಲವಲ್ಲ. ಅದಕ್ಕೆ ಹೊಲಿಸುವಾಗಲೇ ಅದೇ ಬಟ್ಟೆಯಲ್ಲಿ ಕಾಲು ಮೀಟರ್ ಜಾಸ್ತಿ ತಂದಿಟ್ಟುಕೊಳ್ಳಿ. ಚುಕ್ಕೆ ಹೆಚ್ಚಾಗಿ ಬೀಳುವುದು ಹೊಟ್ಟೆಯ ಹತ್ತಿರ, ಅಲ್ಲಿಗೆ ಒಂದು ಜೇಬು ಹೊಲಿಸಿಬಿಡಬಹುದು.