ಕಪ್ಪು ಮರಿ ಎಲ್ಲಾ ಕಡಕ್‌ನಾಥ್ ಆಗಲ್ಲ

ಪ್ರಶ್ನೆ: ಸರ್, ಸಂತೇಲಿ ಗಿರಿರಾಜ ಅಂತ 20 ಕೋಳಿಮರಿ ತಗೊಂಡೆ. ಒಂದಷ್ಟು ಹಳದಿ, ಒಂದಷ್ಟಕ್ಕೆ ಬೆನ್ನ ಮೇಲೆ ಅಳಿಲಿನ ಥರ ಗೀರು, ನಾಲ್ಕು ಪೂರ್ತಿ ಕಪ್ಪು. ಕಪ್ಪುವು ಕಡಕ್‌ನಾಥ್ ಅಂತ ಮಾರೋನು ಜಾಸ್ತಿ ದುಡ್ಡು ಇಸ್ಕೊಂಡ. ಬಣ್ಣ ನೋಡಿ ತಳಿ ಹೇಳ್ಬೋದಾ?

ಉತ್ತರ: ಬರೀ ಬಣ್ಣ ನೋಡಿ ಹೇಳಕ್ಕಾಗಲ್ಲ. ಮರಿ ಹುಟ್ಟುವಾಗ ಇರೋದು ಪುಕ್ಕ ಅಲ್ಲ, ತುಪ್ಪಳ, ಅದು ಉದುರಿ ನಿಜವಾದ ಪುಕ್ಕ ಬರೋಕೆ ಐದಾರು ವಾರ ಬೇಕು, ಆಮೇಲೂ ಬಣ್ಣ ಬದಲಾಗ್ತಾನೇ ಇರತ್ತೆ. ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿ ಮಾಡಿದ ಗಿರಿರಾಜ ಅಂತೂ ಬಣ್ಣಬಣ್ಣದ ಕೋಳಿನೇ, ಹಾಗಾಗಿ ಮರಿಗಳು ಒಂದೇ ಥರ ಇಲ್ಲ ಅಂತ ಗಾಬರಿ ಬೇಡ. ಗೀರು ಇರೋವು ಗಿರಿರಾಜನೂ ಇರ್ಬೋದು, ನಾಟಿನೂ ಇರ್ಬೋದು.

ಈಗ ಕಪ್ಪು ಮರಿ ವಿಷ್ಯ. ತಲೆ ಮೇಲೆ ಬಿಳಿ ಮಚ್ಚೆ ಇದ್ಯಾ ನೋಡಿ, ಇದ್ರೆ ಅದು ದೊಡ್ಡದಾದ್ಮೇಲೆ ಬೂದು ಪಟ್ಟೆ ಪಟ್ಟೆ ಕೋಳಿ ಆಗೋ ಚಾನ್ಸ್ ಜಾಸ್ತಿ. ಇಲ್ದಿದ್ರೆ ಮರೀನ ಅಂಗೈಲಿ ಮಲಗಿಸಿ ಹೊಟ್ಟೆ ಮೇಲಿನ ತುಪ್ಪಳನ ಮೆಲ್ಲಗೆ ಊದಿ, ಒಳಗಿನ ಚರ್ಮ ಕಾಣತ್ತೆ. ಮಧ್ಯಪ್ರದೇಶದ ಝಾಬುವಾದ ಕಡಕ್‌ನಾಥ್‌ಗೆ (2018ರಲ್ಲಿ ಜಿಐ ಟ್ಯಾಗ್, ಅಂದ್ರೆ ಇಂಥ ಜಾಗದ್ದೇ ಅನ್ನೋ ಅಧಿಕೃತ ಗುರುತು, ಸಿಕ್ತಲ್ಲ, ಆವಾಗಿಂದ ಎಲ್ಲಾ ಸಂತೇಲೂ ಇದೇ ಹೆಸರು) ಚರ್ಮನೇ ಕಪ್ಪು, ಕೊಕ್ಕು, ನಾಲಗೆ, ಕಾಲು ಎಲ್ಲಾ ಕಪ್ಪು ಛಾಯೆನೇ. ಚರ್ಮ ಬೆಳ್ಳಗೆ ಕಂಡ್ರೆ ಕಡಕ್‌ನಾಥ್ ಅಲ್ಲ, ಕಾಲು ಎಷ್ಟೇ ಕಪ್ಪಿದ್ರೂ ಅಲ್ಲ, ಯಾಕಂದ್ರೆ ಬೇರೆ ಕಪ್ಪು ತಳಿಗಳಿಗೂ ಕಾಲು ಕಪ್ಪಗೇ ಇರತ್ತೆ. ಚರ್ಮ ಕಪ್ಪಿದ್ರೂ ಅಷ್ಟಕ್ಕೇ ಖುಷಿ ಪಡ್ಬೇಡಿ, ನಾಟಿ ಜತೆ ಕ್ರಾಸ್ ಆದ ಮರೀಲೂ ಆ ಕಪ್ಪು ಬರತ್ತೆ. ಎರಡು ಮೂರು ತಿಂಗಳಲ್ಲಿ ಜುಟ್ಟು ಕೆಂಪಗೆ ರಂಗೇರಿದ್ರೆ ಕ್ರಾಸ್ ಇರ್ಬೋದು ಅಂತ ಡೌಟ್ ಇಟ್ಕೊಳಿ.

ನನಗೆ ಅದಕ್ಕಿಂತ ಜಾಸ್ತಿ ಅನುಮಾನ ಇರೋದು ಆ ಹಳದಿ ಮರಿಗಳ ಮೇಲೆ. ಬ್ರಾಯ್ಲರೂ ಮೊದಲ ದಿನ ಹಳದಿನೇ, ಮೊಟ್ಟೆ ಫಾರಂಗೆ ಬೇಡ ಅಂತ ಬಿಡೋ ಬಿಳಿ ಲೇಯರ್ (ಮೊಟ್ಟೆಗೆ ಅಂತ ಸಾಕೋ ತಳಿ) ಗಂಡುಮರಿನೂ ಹಳದಿನೇ, ಸಂತೇಲಿ ಪಿಂಕು ಗ್ರೀನು ಬಣ್ಣ ಬಳಿದು ಮಕ್ಕಳಿಗೆ ಮಾರ್ತಾರಲ್ಲ ಅವೂ ಎಷ್ಟೋ ಸಲ ಇವೇ. ಮೂರು ವಾರ ನೋಡಿ: ಕಾಲು ದಪ್ಪ ಆಗಿ, ಮೇವಿನ ಹತ್ರಾನೇ ಕೂತ್ಕೊಂಡ್ರೆ ಬ್ರಾಯ್ಲರ್. ಮೈ ಸಣ್ಣ, ರೆಕ್ಕೆ ಉದ್ದ, ಜುಟ್ಟು ಬೇಗ ಬಂದ್ರೆ ಲೇಯರ್ ಗಂಡು, ಅದಕ್ಕೆ ಎಷ್ಟು ಮೇವು ಹಾಕಿದ್ರೂ ಗಿರಿರಾಜನ ತೂಕ ಬರಲ್ಲ. ಮುಂದಿನ ಸಲ ಹ್ಯಾಚರಿ ಬಿಲ್ ಕೇಳಿ ತಗೊಳಿ.