ಅಪ್ಪನ ಬಂದೂಕು, ವೆಲ್ಡಿಂಗ್ ಅಂಗಡಿಯ ಸ್ಪ್ರಿಂಗ್

ಪ್ರಶ್ನೆ: ಬೆಳೆ ಕಾಯಲೆಂದು ಅಪ್ಪನಿಗೆ ಒಂಟಿ ನಳಿಕೆ ಬಂದೂಕಿನ ಲೈಸೆನ್ಸ್ ಇದೆ. ಈಗ ಕುದುರೆ ಎಳೆದರೆ ಟಕ್ ಅನ್ನುತ್ತದೆ, ಗುಂಡು ಹಾರುವುದಿಲ್ಲ. ಊರಿನ ವೆಲ್ಡಿಂಗ್ ಅಂಗಡಿಯವನು ಸ್ಪ್ರಿಂಗ್ ಹಾಕಿಕೊಡ್ತೀನಿ ಅಂತಾನೆ. ಅಪ್ಪನಿಗೆ ಮಂಡಿನೋವು. ನಾನೇ ಒಯ್ಯಬಹುದಾ?
– ಗಂಗಾವತಿ ಕಡೆಯ ರೈತ

ಉತ್ತರ: ತಮ್ಮಾ, ಮೊದಲು ಆ ವೆಲ್ಡಿಂಗ್‌ನವನಿಗೆ ಕೈ ಮುಗಿದು ಬಾ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಬಂದೂಕು ರಿಪೇರಿಗೂ ಲೈಸೆನ್ಸ್ ಬೇಕು. ಬಳ್ಳಾರಿಯಲ್ಲಿ ನಾನು ರಿಪೇರಿ ಕೆಲಸ ಮಾಡುವಾಗ ಇಂಥ ಒಂದು ಬಂದೂಕು ಬಂದಿತ್ತು. ಒಳಗೆ ಸೈಕಲ್ ಸ್ಪ್ರಿಂಗ್! ಅದನ್ನು ಬಿಚ್ಚಲಿಕ್ಕೇ ಅರ್ಧ ದಿನ ಹೋಯಿತು.

ಹಾರದ ತೋಟಾದ ಹಿಂಬದಿ ನೋಡು. ನಡುವೆ ಕಿಡಿ ಹೊತ್ತಿಸುವ ಕ್ಯಾಪಿನ ಮೇಲೆ ಗುಳಿ ಆಳವಾಗಿದ್ದರೆ ತೋಟಾ ಹಳೆಯದಿರಬಹುದು, ತಂಪು ಹಿಡಿದಿರಬಹುದು. ಸುಮ್ನೆ ಉಗುರು ತಾಗಿದ ಹಾಗಿದ್ದರೆ ಕ್ಯಾಪಿಗೆ ಬಡಿಯುವ ಪಿನ್ ಸವೆದಿದೆ, ಇಲ್ಲವೇ ಸ್ಪ್ರಿಂಗ್ ಸೋತಿದೆ. ಆ ತೋಟಾಗಳನ್ನು ಎಸೆಯಬೇಡ, ರಿಪೇರಿಯವರಿಗೆ ತೋರಿಸು. ಇನ್ನೊಂದು ಮಾತು: ಟಕ್ ಅಂದ ತಕ್ಷಣ ಬಂದೂಕು ಬಿಚ್ಚಬಾರದು. ನಳಿಕೆಯ ಬಾಯಿ ಜನರಿಲ್ಲದ ಕಡೆಗಿರಲಿ, ಒಂದು ನಿಮಿಷ ಕಾಯಿ. ತಡವಾಗಿ ಹಾರುವುದೂ ಉಂಟು.

ನೀನು ಒಯ್ಯಬಹುದು. ರಿಪೇರಿಗೆಂದು ಲೈಸೆನ್ಸ್‌ದಾರರು ಬರೆದುಕೊಟ್ಟರೆ ಬೇರೆಯವರು ಒಯ್ಯಲು ಅದೇ ಕಾಯ್ದೆಯ 3ನೇ ಸೆಕ್ಷನ್‌ನಲ್ಲಿ ಅವಕಾಶವಿದೆ. ಅಪ್ಪನ ಸಹಿಯ ಪತ್ರದಲ್ಲಿ ಬಂದೂಕಿನ ನಂಬರ್, ಅಂಗಡಿ ಹೆಸರು, ದಿನಾಂಕ ಇರಲಿ. ಲೈಸೆನ್ಸನ್ನೂ ಜೊತೆಗಿಟ್ಟುಕೋ. ಅದು ಯಾವ ಪ್ರದೇಶಕ್ಕೆ ಅಂತ ಬರೆದಿರುತ್ತೆ, ಜಿಲ್ಲೆ ದಾಟುವ ಮೊದಲು ಓದು. ತೋಟಾ ತುಂಬಿರಬಾರದು, ಬಂದೂಕು ಚೀಲದಲ್ಲಿರಲಿ. ಕೊರಿಯರ್ ಯೋಚನೆ ಬೇಡ. ಅಂಗಡಿಯಲ್ಲಿ ನಂಬರ್ ಬರೆದ ರಸೀದಿ ಕೇಳಿ ತಗೋ.