ಹಳೆ ಪ್ರೋಟೋಕಾಲ್ ಬಂದ್ ಮಾಡಿ ಜನರನ್ನು ಹೊಸದಕ್ಕೆ ತಳ್ಳಬೇಕಾ?

ನೀವು ಕೇಳಿದ್ದು ಇಷ್ಟು: ಸಹಕಾರ ಸೊಸೈಟಿಯ ವೆಬ್‌ಸೈಟು, ಆಫೀಸಿನ ನೆಟ್‌ವರ್ಕು ಎರಡೂ ನಿಮ್ಮ ಕೈಯಲ್ಲಿವೆ. ಹಳೆ ಪ್ರೋಟೋಕಾಲ್‌ಗಳನ್ನು (ಕಂಪ್ಯೂಟರ್‌ಗಳು ಒಂದರ ಜೊತೆ ಒಂದು ಮಾತಾಡುವ ನಿಯಮಗಳು) ನಿಲ್ಲಿಸಿ ಸದಸ್ಯರನ್ನು ಹೊಸದಕ್ಕೆ ತಳ್ಳಬೇಕಾ, ಇಲ್ಲ ಅವರಾಗಿ ಬರುವ ತನಕ ಕಾಯಬೇಕಾ?

ನಾನು ತುಮಕೂರು, ತಿಪಟೂರು ಕಡೆ ಅಂಗಡಿ, ಗೋಡೌನ್‌ಗಳಿಗೆ ನೆಟ್‌ವರ್ಕ್, ಸಿಸಿಟಿವಿ ಹಾಕುತ್ತೇನೆ. ಹಳೆಯದರಿಂದ ಬಳಸುವವರಿಗೇ ಅಪಾಯ ಇದ್ದರೆ ಬಂದ್ ಮಾಡಿ. ಇಲ್ಲದಿದ್ದರೆ ಅವರ ತಂಟೆಗೆ ಹೋಗಬೇಡಿ. ತಳ್ಳಬೇಕಾದ್ದು ಸಾಮಾನು ಮಾರುವವರನ್ನು, ಇಂಟರ್‌ನೆಟ್ ಕನೆಕ್ಷನ್ ಕೊಡುವವರನ್ನು.

ಬಂದ್ ಮಾಡಲೇಬೇಕಾದ್ದು ಹಳೆ ಟಿಎಲ್‌ಎಸ್. ಸದಸ್ಯರು ಹಾಕುವ ಪಾಸ್‌ವರ್ಡ್ ದಾರಿಯಲ್ಲಿ ಯಾರಿಗೂ ಕಾಣದಂತೆ ಕಾಯುವುದು ಇದೇ. 1.0 ಬಂದದ್ದು 1999ರಲ್ಲಿ, 1.1 ಬಂದದ್ದು 2006ರಲ್ಲಿ. ಎರಡೂ ಈಗ ನಂಬುವ ಹಾಗಿಲ್ಲ. 2020ರಲ್ಲಿ ದೊಡ್ಡ ಬ್ರೌಸರ್‌ಗಳೆಲ್ಲ ಕೈಬಿಟ್ಟವು, 2021ರ ಮಾರ್ಚ್‌ನಲ್ಲಿ ಇಂಟರ್‌ನೆಟ್‌ನ ನಿಯಮ ರೂಪಿಸುವ ಐಇಟಿಎಫ್ ಸಂಸ್ಥೆ ಕೂಡ ಇವನ್ನು ಬಳಸಬಾರದು ಅಂತ ಹೇಳಿತು. ಆಂಡ್ರಾಯ್ಡ್ 5ರಿಂದ ಈಚೆಗೆ ಟಿಎಲ್‌ಎಸ್ 1.2 ತಾನಾಗೇ ಆನ್ ಇರುತ್ತದೆ, ಹಾಗಾಗಿ ತೊಂದರೆ ಆಗುವುದು ಕೆಲವೇ ಜನಕ್ಕೆ.

ಆದರೆ ಆ ಕೆಲವರನ್ನು ಮರೆಯಬೇಡಿ. ನೀವು 1.0 ನಿಲ್ಲಿಸಿದ ಮೇಲೆ ಹಳೆ ಫೋನಿನವರಿಗೆ ಕಾಣುವುದು ಬರೀ ಎರರ್. ಕನೆಕ್ಷನ್ನೇ ಆಗುವುದಿಲ್ಲ, ಇನ್ನು ನೀವು ಕನ್ನಡದಲ್ಲಿ ಬರೆದಿಟ್ಟ ಸೂಚನೆ ಅವರಿಗೆ ತಲುಪುವುದಾದರೂ ಹೇಗೆ? ಅದಕ್ಕೇ ಮೊದಲು ಸರ್ವರ್ ಲಾಗ್, ಅಂದರೆ ಸೈಟಿಗೆ ಬಂದವರ ದಾಖಲೆ, ನೋಡಿ. ಸೈಟ್ ಓಡಿಸುವ ಸಾಫ್ಟ್‌ವೇರ್ ಎನ್‌ಜಿನ್‌ಎಕ್ಸ್ ಆಗಿದ್ದರೆ ಯಾರು ಯಾವ ಟಿಎಲ್‌ಎಸ್‌ನಲ್ಲಿ ಬಂದರು ಅಂತ ಪ್ರತಿ ಸಾಲಿನಲ್ಲೂ ಬರೆಸಬಹುದು. ಹಳೆಯದರಲ್ಲಿ ಬರುವವರಿಗೆ ಮಾತ್ರ ಪುಟದ ಮೇಲ್ಗಡೆ ದಿನಾಂಕ ಹಾಕಿ ತಿಳಿಸಿ. ಕೌಂಟರ್‌ನಲ್ಲೂ ಒಂದು ಚೀಟಿ ಅಂಟಿಸಿ. ಆಮೇಲೆ ನಿಲ್ಲಿಸಿ.

ಐಪಿವಿ4, ಐಪಿವಿ6 ಕಥೆ ಬೇರೆ. ಇಂಟರ್‌ನೆಟ್‌ನಲ್ಲಿ ಪ್ರತಿ ಸಾಧನಕ್ಕೂ ವಿಳಾಸ ಕೊಡುವ ಹಳೆ ಪದ್ಧತಿ ಐಪಿವಿ4, ಹೊಸದು ಐಪಿವಿ6. ಹಳೆಯದರಲ್ಲಿ ಇರುವುದೇ ಸುಮಾರು 430 ಕೋಟಿ ವಿಳಾಸ. ಜಗತ್ತಿಗೆ ಹಂಚುವ ದಾಸ್ತಾನು 2011ರ ಫೆಬ್ರವರಿಯಲ್ಲೇ ಮುಗಿಯಿತು. ಐಪಿವಿ6 ಅಷ್ಟೊತ್ತಿಗೆ ಸಿದ್ಧವಾಗಿ ಹನ್ನೆರಡು ವರ್ಷ ದಾಟಿತ್ತು. ಆದರೂ ಬದಲಾವಣೆ ನಿಧಾನ, ಯಾಕೆಂದರೆ ಇವೆರಡೂ ನೇರವಾಗಿ ಮಾತಾಡಿಕೊಳ್ಳುವುದಿಲ್ಲ.

ಇದರ ಬಿಸಿ ಯಾರಿಗೆ ತಟ್ಟುತ್ತದೆ ಅಂತ ತಿಪಟೂರಿನಲ್ಲಿ ನೋಡಬೇಕು. ಕೊಬ್ಬರಿ ವ್ಯಾಪಾರಿಗೆ ಮನೆಯಿಂದಲೇ ಗೋಡೌನ್ ಕ್ಯಾಮೆರಾ ನೋಡುವ ಆಸೆ. ಕ್ಯಾಮೆರಾ ವಿಡಿಯೋ ರೆಕಾರ್ಡ್ ಮಾಡುವ ಡಿವಿಆರ್ ಕೂರಿಸಿ, ಹೊರಗಿನಿಂದ ಅದಕ್ಕೆ ದಾರಿ ಬಿಡಲು ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿದರೂ ಹೊರಗಿನಿಂದ ತೆರೆಯುವುದಿಲ್ಲ. ಆಗ ನಾನು ಮೊದಲು ನೋಡುವುದು ರೂಟರ್ ಪುಟದಲ್ಲಿರುವ ವ್ಯಾನ್ ವಿಳಾಸ, ಅಂದರೆ ಕನೆಕ್ಷನ್ ಕೊಟ್ಟವರು ರೂಟರ್‌ಗೆ ಕೊಟ್ಟ ವಿಳಾಸ. ಅದು 100.64ರಿಂದ 100.127ರ ಒಳಗೆ ಶುರುವಾಗಿದ್ದರೆ, ಕನೆಕ್ಷನ್ ಕೊಟ್ಟವರು ಒಂದೇ ಹೊರವಿಳಾಸವನ್ನು ಎಷ್ಟೋ ಮನೆಗಳಿಗೆ ಹಂಚಿದ್ದಾರೆ ಅಂತ ಅರ್ಥ. ನಾವು ಇಲ್ಲಿ ಎಷ್ಟು ಪೋರ್ಟ್ ತೆರೆದರೂ ಪ್ರಯೋಜನ ಇಲ್ಲ. ಒಂದೋ ಸ್ಟ್ಯಾಟಿಕ್ ಐಪಿಗೆ (ತನಗೇ ಮೀಸಲಾದ, ಬದಲಾಗದ ವಿಳಾಸಕ್ಕೆ) ಬೇರೆ ದುಡ್ಡು ಕಟ್ಟಬೇಕು, ಇಲ್ಲಾ ತನ್ನ ಗೋಡೌನ್‌ನ ವಿಡಿಯೋವನ್ನು ಕ್ಯಾಮೆರಾ ಕಂಪನಿಯ ಸರ್ವರ್ ಮೂಲಕ ನೋಡಬೇಕು. ಇದು ಅನ್ಯಾಯ ಅಲ್ವಾ? ಲೈನಿಗೂ ಡಿವಿಆರ್‌ಗೂ ಐಪಿವಿ6 ಇದ್ದಿದ್ದರೆ ನೇರವಾಗಿ ತಲುಪಬಹುದಿತ್ತು. ಹೊರಗಿನಿಂದ ಬರುವುದನ್ನು ತಡೆಯುವ ಫೈರ್‌ವಾಲ್‌ನಲ್ಲಿ ಅಗತ್ಯ ಇರುವಷ್ಟನ್ನೇ ಒಳಗೆ ಬಿಡುವ ಎಚ್ಚರ ಇರಬೇಕು, ಅಷ್ಟೇ.

ಹಾಗಂತ ಆಫೀಸಿನಲ್ಲಿ ಐಪಿವಿ4 ತೆಗೆದುಬಿಡಬೇಡಿ. ಹಳೆ ಡಿವಿಆರ್, ಹೆಬ್ಬೆಟ್ಟಿನ ಹಾಜರಿ ಮೆಷಿನ್, ಪ್ರಿಂಟರ್ ಎಷ್ಟೋ ಕಡೆ ಅದೊಂದನ್ನೇ ಬಲ್ಲವು. ಚೆನ್ನಾಗಿರುವ ಮೆಷಿನ್ ಎಸೆದು ಹೊಸದು ತನ್ನಿ ಅಂತ ಸಣ್ಣ ಸೊಸೈಟಿಗೆ ಹೇಳುವುದು ಸರಿಯಲ್ಲ. ಎರಡನ್ನೂ ಜೊತೆಗೇ ಓಡಿಸಿ. ಎರಡೂ ಇದ್ದಾಗ ಯಾವುದು ಸರಿಯಾಗಿ ಸಿಗುತ್ತದೋ ಅದನ್ನು ಬ್ರೌಸರ್ ತಾನೇ ಆರಿಸಿಕೊಳ್ಳುತ್ತದೆ.

ಮೊಬೈಲ್‌ನಲ್ಲಿ ಆದದ್ದೂ ಹೀಗೇ. 2016ರಲ್ಲಿ ಜಿಯೋ ಶುರುವಾದ ಮೇಲೆ ನಮ್ಮ ದೇಶದಲ್ಲಿ ಕೋಟ್ಯಂತರ ಜನ ಐಪಿವಿ6ಗೆ ಬಂದರು. ಅವರಲ್ಲಿ ಹೆಚ್ಚಿನವರಿಗೆ ಅದು ಗೊತ್ತೂ ಇಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಕೆಲಸ ಕಂಪನಿಯ ಕಡೆಯಿಂದ ಆಯಿತು, ಹಳೆ ಸೈಟ್‌ಗಳೂ ಮೊದಲಿನಂತೆ ತೆರೆದುಕೊಂಡವು.

ಹಾಗಾಗಿ ಒತ್ತಡವನ್ನು ಮೇಲಿನವರ ಮೇಲೆ ಹಾಕಿ. ಮುಂದಿನ ಸಲ ರೂಟರ್, ಕ್ಯಾಮೆರಾ ಕೊಳ್ಳುವಾಗ ಐಪಿವಿ6 ಇರಲೇಬೇಕು ಅಂತ ಕೊಟೇಶನ್‌ನಲ್ಲೇ ಬರೆಸಿ. ಬ್ರಾಡ್‌ಬ್ಯಾಂಡ್‌ನವರಿಗೆ ಬಾಯಿಮಾತಲ್ಲಿ ಬೇಡ, ಇಮೇಲ್‌ನಲ್ಲಿ ಕೇಳಿ. ವೆಬ್‌ಸೈಟಿನ ಹೋಸ್ಟಿಂಗ್‌ನವರು ಐಪಿವಿ6 ಕೊಡುವುದಿಲ್ಲ ಅಂದರೆ, ರಿನ್ಯೂವಲ್ ದುಡ್ಡು ಕಟ್ಟುವ ಮೊದಲು ಬೇರೆಯವರನ್ನು ವಿಚಾರಿಸಿ.